ಮೂರು ಉಗ್ರಾಣ, ಒಂದು ವಿಳಾಸ

ಮನೆ ನಂಬರೇ ಇಲ್ಲದ ಗಿರಾಕಿಯೊಬ್ಬರ ಪಾರ್ಸೆಲ್ ಮೇಲೆ ‘ಮನೆ ನಂಬರ್ ಸೊನ್ನೆ’ ಎಂದು ಅಚ್ಚಾಗಿದ್ದೇ ಎಲ್ಲಕ್ಕೂ ಮೂಲ. ಅವರು ಬೆಳಿಗ್ಗೆಯೇ ಆಫೀಸಿಗೆ ಫೋನ್ ಮಾಡಿ, “ನನ್ ಮನೆ ನಿಮ್ಗೆ ಸೊನ್ನೆ ಥರ ಕಾಣುತ್ತೇನ್ರೀ?” ಎಂದು ಕೂಗಾಡಿದರು.

ಕೆಲಸ ತೇಪೆರಾಯನ ತಲೆಗೆ ಬಂತು. ಹರಿದ ಕಂಪ್ಯೂಟರ್ ಕೋಡಿಗೆ ತೇಪೆ ಹಾಕುವುದರಲ್ಲಿ ನಿಸ್ಸೀಮನೆಂದು ಆಫೀಸಿನವರೇ ಇಟ್ಟ ಹೆಸರದು. ಅಂದು ಸಂಜೆ ಅವನು ಹೆಂಡತಿಯೊಂದಿಗೆ ರೈಲು ಹತ್ತಬೇಕಿತ್ತು. ತಂಗಿಗೆ ಮಗುವಾಗಿ ತಿಂಗಳುಗಳೇ ಕಳೆದರೂ ಸೋದರಮಾವ ಎನಿಸಿಕೊಂಡವನು ಇನ್ನೂ ಅದರ ಮುಖ ನೋಡಿರಲಿಲ್ಲ. “ಈ ಸಲಾನೂ ತಪ್ಪಿಸಿದ್ರೆ, ಅದು ಕಾಲೇಜಿಗೆ ಹೋಗೋವಾಗ ನೋಡ್ತೀರಿ ಅಷ್ಟೆ,” ಎಂದು ಹೆಂಡತಿ ಎಚ್ಚರಿಸಿಯೇ ಕಳಿಸಿದ್ದಳು.

ವಿಳಾಸ ಅಚ್ಚು ಹಾಕುವ ಕೋಡ್ ಅಂಗೈಯಗಲದ್ದು. ಆದರೆ ಬಿಲ್ಲಿಂಗ್, ಗೋದಾಮು, ಡೆಲಿವರಿ ತಂಡಗಳು ಅದರ ಒಂದೊಂದು ನಕಲನ್ನು ತಮ್ಮತಮ್ಮ ರೆಪೋದಲ್ಲಿ, ಅಂದರೆ ಕೋಡಿನ ಉಗ್ರಾಣದಲ್ಲಿ, ಇಟ್ಟುಕೊಂಡಿದ್ದವು. ಒಂದರಲ್ಲಿ ತಿದ್ದಿದರೆ ಉಳಿದೆರಡರಲ್ಲೂ ತಿದ್ದಬೇಕು. ತಿದ್ದುವವರು ಯಾರು ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ.

“ಮೂರೂ ಕಡೆ ಒಂದೇ ಆಗ್ಬಿಡ್ಲಿ, ಆಮೇಲೆ ನೀವು ಹೊರಡಿ,” ಎಂದರು ಮ್ಯಾನೇಜರು.

ತೇಪೆರಾಯ ಬಿಲ್ಲಿಂಗಿನಲ್ಲಿ ಸೊನ್ನೆ ಅಳಿಸಿ, ಆ ಕೋಡನ್ನೇ ಗೋದಾಮಿನ ರೆಪೋಗೆ ಹಾಕಿದ. ಗೋದಾಮಿನ ಮೇಡಂ ಓಡಿಬಂದರು. “ಅಯ್ಯೋ, ನಾವು ಊರಿನ ಹೆಸರನ್ನ ಮೇಲಕ್ಕೆ ತಂದಿದ್ವಲ್ರೀ! ಎಲ್ಲಾ ಅಳಿಸಿ ಹಾಕ್ಬಿಟ್ರಲ್ಲ!”

ಅದನ್ನು ಸರಿಪಡಿಸುವಷ್ಟರಲ್ಲಿ ಡೆಲಿವರಿ ತಂಡದ ಗಡ್ಡದವನು ನಗುತ್ತ ಬಂದ. “ನಿಮ್ಗ್ಯಾಕೆ ತೊಂದ್ರೆ ಅಂತ ನಮ್ದನ್ನ ನಾನೇ ಸರಿ ಮಾಡ್ದೆ ಸಾರ್.” ಅವನು ಸರಿ ಮಾಡಿದ್ದರ ಫಲವಾಗಿ ಪಾರ್ಸೆಲ್‌ಗಳ ಮೇಲೆ ‘ಮನೆ ನಂಬರ್ ಗೊತ್ತಿಲ್ಲ’ ಎಂದು ಅಚ್ಚಾಗತೊಡಗಿತ್ತು. ಇತ್ತ ಬಿಲ್ಲಿಂಗಿನ ಹಿರಿಯರು ಅಂದಕ್ಕಿರಲಿ ಎಂದು ವಿಳಾಸದ ನಡುವೆ ಒಂದು ಗೆರೆ ಎಳೆದರು. ಊಟದ ಡಬ್ಬಿ ತಣ್ಣಗಾಯಿತು. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದು ಇದಕ್ಕಿಂತ ಸುಲಭ ಎನಿಸಿ ತೇಪೆರಾಯನಿಗೆ ಅಳುವೇ ಬಂತು.

ಮಧ್ಯಾಹ್ನ ಅವನಿಗೊಂದು ಉಪಾಯ ಹೊಳೆಯಿತು. ಎಲ್ಲರೂ ಒಪ್ಪಿದ ಕೋಡನ್ನು ಒಂದೇ ಕಡೆ ಇಟ್ಟ. ಅದು ಬದಲಾದಾಗಲೆಲ್ಲ ಮೂರೂ ರೆಪೋಗಳಿಗೆ ತಾನಾಗಿಯೇ ಹಂಚುವ, ಅಲ್ಲಿ ಯಾರಾದರೂ ಕೈಯಾಡಿಸಿದರೆ ಅಳಿಸಿ ಅಸಲನ್ನೇ ಕೂರಿಸುವ ಪುಟ್ಟ ಪ್ರೋಗ್ರಾಂ ಬರೆದ. ಓಡಿಸಿ ನೋಡಿದರೆ ಮೂರೂ ಕಡೆ ಅಚ್ಚುಕಟ್ಟಾಗಿ ಒಂದೇ! ಮ್ಯಾನೇಜರು ಬೆನ್ನು ತಟ್ಟಿದರು. ತಂಡದವರೆಲ್ಲ ಸುತ್ತ ನೆರೆದು ಬಾಯ್ತುಂಬ ಹೊಗಳಿದರು. ತೇಪೆರಾಯ ಶಿಳ್ಳೆ ಹಾಕುತ್ತ ಕೈ ತೊಳೆದುಕೊಂಡು ಬಂದು, ಬ್ಯಾಗು ಹೆಗಲಿಗೇರಿಸಿ ಲಿಫ್ಟಿನ ಗುಂಡಿ ಒತ್ತಿದ.

“ಸ್ವಲ್ಪ ನಿಲ್ರೀ!” ಮ್ಯಾನೇಜರು ಏದುಸಿರು ಬಿಡುತ್ತ ಬಂದರು. “ವಿಳಾಸ ಗಳಿಗೆಗೊಂದು ಥರ ಬರ್ತಿದೆ!”

ಹಿಂದೆಯೇ ಮೇಡಂ ಬಂದರು. “ಅಷ್ಟು ಒಳ್ಳೆ ಪ್ರೋಗ್ರಾಂ ನಮ್ಮಲ್ಲೂ ಒಂದಿರ್ಲಿ ಅಂತ ನಮ್ ರೆಪೋಗೆ ಕಾಪಿ ಮಾಡ್ಕೊಂಡೆ. ನಮ್ದೇ ಅಸಲು ಅನ್ನೋ ಹಾಗೆ ಒಂಚೂರು ತಿದ್ದಿದೀನಿ, ಅಷ್ಟೆ.”

“ನಾನೂ ಅಷ್ಟೆ ಮಾಡಿದ್ದು,” ಎಂದ ಗಡ್ಡದವನು. ಬಿಲ್ಲಿಂಗಿನ ಹಿರಿಯರು ಗೋಡೆ ನೋಡತೊಡಗಿದರು.

ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಳೆಯುವಂತೆ ತೇಪೆರಾಯನದೂ ಸೇರಿ ನಾಲ್ಕು ಪ್ರೋಗ್ರಾಂಗಳೂ ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತ ಭರದಿಂದ ಕೆಲಸ ಮಾಡುತ್ತಿದ್ದವು. ಲಿಫ್ಟು ಬಂತು, ಬಾಗಿಲು ತೆರೆಯಿತು, ಮುಚ್ಚಿಕೊಂಡು ಖಾಲಿಯಾಗಿಯೇ ಇಳಿದುಹೋಯಿತು. ಸಂಜೆ ಅವನಿನ್ನೂ ಅವುಗಳ ಜಗಳ ಬಿಡಿಸುತ್ತಿರುವಾಗಲೇ ಸ್ಟೇಷನ್ನಿನಿಂದ ಹೆಂಡತಿಯ ಫೋನ್ ಬಂತು.

“ಎಲ್ಲಿದೀರಿ? ರೈಲು ಬಂದು ನಿಂತಿದೆ!”

“ನೀನು ಹತ್ತಿಬಿಡು ಮಾರಾಯ್ತಿ. ಒಂದು ಪ್ರೋಗ್ರಾಂ ಕೆಟ್ಟು ಕೂತಿದೆ.”

“ಯಾವ ಪುಣ್ಯಾತ್ಮ ಬರ್ದಿದ್ದು ಅದನ್ನ?”

“ನಾನೇ ಕಣೇ,” ಎಂದ ತೇಪೆರಾಯ. “ಇವತ್ತು ಬೇಗ ಹೊರಡೋಣ ಅಂತ.”