ವಿಮಾನದ ಹಾಡೂ ನನ್ನ ಕಿವಿಯೂ

ನಮ್ಮ ಊರಿನ ವಾದ್ಯಗೋಷ್ಠಿಯಲ್ಲಿ ವಿಮಾನದ ಹಾಡುಗಳಿಗೆಲ್ಲ ನಾನೇ ಸರ್ವಾಧಿಕಾರಿ. ನಾಯಕ ವಿಮಾನದ ಮೆಟ್ಟಿಲ ಮೇಲೆ ನಿಂತು ಪ್ರೀತಿ ತೋಡಿಕೊಳ್ಳುವ ಹಾಡಿರಲಿ, ನಾಯಕಿ ಮೋಡಗಳ ಹತ್ತಿರ ದೂರು ಹೇಳುವ ಹಾಡಿರಲಿ, ಮೈಕು ನನ್ನ ಕೈಗೇ ಬರಬೇಕು. ಪಲ್ಲವಿಗೆ ಮೊದಲು ಎರಡೂ ಕೈ ಚಾಚಿ, ಬಾಯಿಂದಲೇ ‘ಭರ್ರ್’ ಎಂದು ವಿಮಾನ ಏರಿಸುತ್ತೇನೆ. ಜನ ನನ್ನನ್ನು ಕರೆಯುವುದೇ ಪೈಲಟ್ ಎಂದು. ಇಷ್ಟಾದರೂ ಹೋದ ವರ್ಷದವರೆಗೆ ನಾನು ವಿಮಾನ ಹತ್ತಿದವನಲ್ಲ. (ಏಣಿ ಹತ್ತಿದರೂ ನನಗೆ ತಲೆ ಸುತ್ತುತ್ತದೆ. ಈ ರಹಸ್ಯ ಹೆಂಡತಿಗೆ ಮಾತ್ರ ಗೊತ್ತು. ಅಂದರೆ ಬೀದಿಗೆಲ್ಲ ಗೊತ್ತು.)

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅವಳ ಹೊಲಿಗೆ ಯಂತ್ರವೂ ನನ್ನ ಸಂಗೀತಾಭ್ಯಾಸವೂ ಮುಂದಿನ ಕೋಣೆಯಲ್ಲೇ.

“ರೀ, ನಿಮ್ಮ ವಿಮಾನ ಸ್ವಲ್ಪ ಹಿತ್ತಲಲ್ಲಿ ಇಳಿಸಿ. ಭರ್ರ್ ಅಂದಾಗೆಲ್ಲ ಗಿರಾಕಿ ಬಟ್ಟೆ ಮೇಲೆ ಎಂಜಲು ಸಿಡಿಯತ್ತೆ.”

“ಕಲೆ ಅಂದ್ರೆ ಏನು ಅಂತ ನಿಂಗೆ ಗೊತ್ತಾ?”

“ಗೊತ್ತು. ತೊಳೆದ್ರೂ ಹೋಗಲ್ಲ.”

ಹೀಗಿರುವಾಗ ದೂರದ ದೊಡ್ಡ ನಗರದ ಸಂಘವೊಂದು ಹಾರಾಟದ ಹಾಡುಗಳದೇ ಒಂದು ಸಂಜೆ ಏರ್ಪಡಿಸಿ, ನನ್ನನ್ನು ಮುಖ್ಯ ಗಾಯಕನಾಗಿ ಕರೆಯಿತು. ಅಷ್ಟು ದೊಡ್ಡ ವೇದಿಕೆಯನ್ನು ನಾನು ಕನಸಿನಲ್ಲೂ ಹತ್ತಿರಲಿಲ್ಲ. ನನಗೂ ಹೆಂಡತಿಗೂ ವಿಮಾನದ ಟಿಕೆಟ್ ಬೇರೆ! ಪೈಲಟ್ ಎನಿಸಿಕೊಂಡವನು ಬೇಡ ಎನ್ನುವುದು ಹೇಗೆ?

ವಿಮಾನ ಏರತೊಡಗಿದಾಗ ಹೆಂಡತಿ ಒಂದು ಪೆಪ್ಪರ್‌ಮಿಂಟ್ ಚಾಚಿದಳು.

“ಬಾಯಿ ಆಡಿಸ್ತಾ ಇರಿ. ಇಲ್ದಿದ್ರೆ ಕಿವಿ ಕಟ್ಟತ್ತಂತೆ.”

“ಆಕಾಶನೇ ಅರೆದು ಕುಡಿದವನಿಗೆ ನೀನು ಹೇಳ್ಕೊಡ್ತೀಯಾ?” ಎಂದೆ, ಹಲ್ಲು ಬಿಡದೆ. ಭಯಕ್ಕೆ ಹಲ್ಲು ಕಚ್ಚಿ ಹಿಡಿದಿದ್ದೆ. ಬಾಯಿ ತೆರೆದರೆ ಪ್ರಾಣವೇ ಹಾರಿಹೋದೀತೆಂಬ ಗುಮಾನಿ. ಅವಳು ಪೆಪ್ಪರ್‌ಮಿಂಟನ್ನು ತನ್ನ ಬಾಯಿಗೇ ಹಾಕಿಕೊಂಡು, ಹಿಡಿದುಕೊಳ್ಳಲು ನನಗೆ ತನ್ನ ಕೈ ಕೊಟ್ಟಳು. ಇಳಿಯುವ ಹೊತ್ತಿಗೆ ಆ ಕೈಯಲ್ಲಿ ನನ್ನ ಉಗುರುಗಳ ಗುರುತು ಮೂಡಿತ್ತು.

ಇಳಿದ ಮೇಲೆ ನೋಡುತ್ತೇನೆ, ಎರಡೂ ಕಿವಿ ಬಂದ್! ಆಕಳಿಸಿದೆ, ಮೂಗು ಹಿಡಿದು ಊದಿದೆ, ಒಂಟಿ ಕಾಲಲ್ಲಿ ಕುಣಿದೆ. ಏನೂ ಪ್ರಯೋಜನವಾಗಲಿಲ್ಲ. ಇಷ್ಟೊಂದು ವಿಮಾನದ ಹಾಡು ಹಾಡಿದ್ದೇನೆ, ಯಾವ ಪುಣ್ಯಾತ್ಮನೂ ಕಿವಿಯ ಬಗ್ಗೆ ಒಂದು ಸಾಲು ಬರೆದಿಲ್ಲ.

ಸಂಜೆ ಸಭಾಂಗಣ ತುಂಬಿತ್ತು. ಹಾರ್ಮೋನಿಯಂನವರ ಬೆರಳು ಆಡುವುದು ಕಾಣುತ್ತಿತ್ತು, ಶ್ರುತಿ ಮಾತ್ರ ಬಾವಿಯ ತಳದಿಂದ ಬಂದಂತಿತ್ತು. ಧೈರ್ಯ ಮಾಡಿ ಶುರು ಮಾಡಿದೆ. ಹಾರ್ಮೋನಿಯಂ ಒಂದು ಊರಿಗೆ ಹೊರಟರೆ ನಾನು ಇನ್ನೊಂದು ಊರಿಗೆ ಹೊರಟಿದ್ದೆನೆಂದು ಕಾಣುತ್ತದೆ. ಮುಂದಿನ ಸಾಲಿನವರು ಮುಖ ಕಿವುಚಿದರು, ಹಿಂದಿನವರು ಎದ್ದೇ ನಿಂತರು. ಇಷ್ಟು ವರ್ಷ ಕಾಪಾಡಿಕೊಂಡ ಮಾನ ಅಲ್ಲೇ ಹರಾಜಾಗುವುದರಲ್ಲಿತ್ತು.

ಆಗ ಹೆಂಡತಿ ಸೆರಗು ಸಿಕ್ಕಿಸಿಕೊಂಡು ವೇದಿಕೆ ಹತ್ತಿ, ಪಕ್ಕದ ಮೈಕಿನ ಮುಂದೆ ನಿಂತು ಬಾಯಿ ತೆರೆದಳು. ಎದ್ದವರು ಕೂತರು. ನನಗೇನೂ ಕೇಳದು, ಬಾಯಿ ಮುಚ್ಚಿ, ಕೈ ಚಾಚಿ ನಿಂತಿದ್ದೆ. ಚರಣದ ನಡುವೆ ಕಿವಿ ‘ಟಪ್’ ಎಂದು ಬಿಟ್ಟಿತು. ಅವಳ ದನಿ ಒಳಗೆ ಬಂತು. ನಾನು ಪ್ರತಿಸಲ ನುಂಗಿಹಾಕುತ್ತಿದ್ದ ಪದಗಳೂ ಬಿಡಿಬಿಡಿಯಾಗಿ, ಶ್ರುತಿಶುದ್ಧವಾಗಿ ಬಂದವು. ನನಗೆ ಕಣ್ಣು ತುಂಬಿತು. ಬೈದುಕೊಂಡಾದರೂ ಈ ಹೆಣ್ಣು ನನ್ನನ್ನು ಎಷ್ಟು ಸಲ ಕಾಪಾಡಿದ್ದಾಳೋ ಎನಿಸಿ, ಅಲ್ಲೇ ಕೈಮುಗಿಯೋಣವೆಂದಿದ್ದೆ. ಅಷ್ಟರಲ್ಲಿ ಚಪ್ಪಾಳೆ ಬಿತ್ತು.

“ಯಾವಾಗ ಕಲ್ತೆ ಇಷ್ಟು ಚೆನ್ನಾಗಿ?” ಎಂದೆ, ಪರದೆಯ ಹಿಂದೆ.

“ನೀವು ದಿನಾ ತಪ್ಪಾಗಿ ಹಾಡ್ತಿದ್ರಲ್ಲ, ಹೊಲೀತಾ ಹೊಲೀತಾ ಮನಸ್ಸಲ್ಲೇ ತಿದ್ಕೊಳ್ತಿದ್ದೆ.”

ಈ ವರ್ಷ ಸಂಘದ ಕಾರ್ಯದರ್ಶಿಗಳು ಮತ್ತೆ ಫೋನ್ ಮಾಡಿದರು. ನಾನು ಗಂಟಲು ಸರಿಮಾಡಿಕೊಂಡೆ.

“ಅಮ್ಮಾವ್ರಿಗೆ ಫೋನ್ ಕೊಡ್ತೀರಾ ಸರ್? ಅವ್ರದ್ದೇ ಕಾರ್ಯಕ್ರಮ. ನೀವೂ ಬನ್ನಿ, ಮುಂದಿನ ಸಾಲಲ್ಲೇ ಕುರ್ಚಿ ಹಾಕಿಸ್ತೀವಿ.”

ಹೆಂಡತಿ ಮಾತಾಡಿ ಫೋನ್ ಇಟ್ಟಳು.

“ನಂಗೊಂದೇ ವಿಮಾನದ ಟಿಕೆಟ್ ಸಾಕು ಅಂದೆ. ನಿಮಗೆ ಬಸ್ಸು. ಬೇಜಾರಾ?”

ಬೇಜಾರೇ? ಮದುವೆಯಾದಾಗಿನಿಂದ ನನಗೆ ಇಷ್ಟು ದೊಡ್ಡ ಉಪಕಾರವನ್ನು ಯಾರೂ ಮಾಡಿಲ್ಲ. ನಾಳೆ ಅವಳು ಆಕಾಶದಲ್ಲಿ, ನಾನು ನೆಲದ ಮೇಲೆ. ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟನ್ನೂ ಅವಳೇ ಹೇಳಿ ಕಾದಿರಿಸಿದ್ದಾಳೆ, ಮಹಾತಾಯಿ!