ನಮ್ಮನೆಯವಳು ನಕ್ಕ ಫೋಟೋ

ಕೆಲವರಿಗೆ ಹೋದಲ್ಲೆಲ್ಲ ಹಾವು ಕಾಣಿಸುತ್ತದಂತೆ, ಕೆಲವರನ್ನು ಕಂಡರೆ ಬೀದಿನಾಯಿಗೆ ಆಗುವುದಿಲ್ಲವಂತೆ. ನನಗೂ ಫಜೀತಿಗೂ ಅಂಥದೇ ಏನೋ ನಂಟು. ನಾನಾಗಿ ಹುಡುಕಿಕೊಂಡು ಹೋದವನಲ್ಲ, ಅದೇ ವಿಳಾಸ ಕೇಳಿಕೊಂಡು ಬರುತ್ತದೆ. ಕ್ಯಾಮೆರಾ ಕೊಂಡ ಮೇಲಂತೂ ನಮ್ಮನೆಯಲ್ಲೇ ಬಿಡಾರ ಹೂಡಿತು.

ನಾನು ಪಶು ಆಸ್ಪತ್ರೆಯಲ್ಲಿ ಪರಿವೀಕ್ಷಕ. ಹಳ್ಳಿಯವರು ದೊಡ್ಡ ಮನಸ್ಸು ಮಾಡಿ ‘ಡಾಕ್ಟ್ರೇ’ ಅನ್ನುತ್ತಾರೆ, ನಾನೂ ದೊಡ್ಡ ಮನಸ್ಸು ಮಾಡಿ ತಿದ್ದಲು ಹೋಗುವುದಿಲ್ಲ. ನನ್ನ ಕೆಲಸ ಹೊಸದುರ್ಗ ತಾಲ್ಲೂಕಿನಲ್ಲಿ. ನಮ್ಮನೆಯವಳು ಚಿತ್ರದುರ್ಗದಲ್ಲಿ ಹೈಸ್ಕೂಲಿನ ಗಣಿತದ ಟೀಚರ್. ಒಂದೇ ಊರಿಗೆ ವರ್ಗ ಕೊಡಿ ಎಂದು ಇಬ್ಬರೂ ಅರ್ಜಿ ಹಾಕುತ್ತಲೇ ಇದ್ದೇವೆ. ಒಮ್ಮೆ ಅವಳ ಅರ್ಜಿ ಮಂಜೂರಾಗುವ ಹಂತಕ್ಕೆ ಬಂದಾಗ ನನ್ನನ್ನು ಹಿರಿಯೂರಿಗೆ ಹಾಕಿದರು, ಅದೊಂದು ಬೇರೆ ಕಥೆ. ಶನಿವಾರ ಸಂಜೆ ದುರ್ಗದ ಬಸ್ಸು ಹತ್ತುವುದು, ಸೋಮವಾರ ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ವಾಪಸ್ ಬರುವುದು. ಉಳಿದ ದಿನಗಳಲ್ಲಿ ನನಗೆ ಹೊಸದುರ್ಗದ ಬಾಡಿಗೆ ಕೋಣೆ, ಒಂದು ಸ್ಟೌವ್, ನಾಲ್ಕು ಗೋಡೆ.

ಆ ಗೋಡೆಗೆ ಅವಳದೊಂದು ಫೋಟೋ ಬೇಕಿತ್ತು. ಅದೂ ನಗುವ ಫೋಟೋ. ಅವಳ ನಗುವನ್ನು ನೀವು ನೋಡಬೇಕು. ಮೊದಲು ಸದ್ದೇ ಇರುವುದಿಲ್ಲ. ಭುಜ ಅಲುಗಾಡುತ್ತದೆ, ಕಣ್ಣು ಮುಚ್ಚಿಹೋಗುತ್ತದೆ, ಇನ್ನೇನಾಯ್ತೋ ಎಂದು ನಾವು ಗಾಬರಿಯಾಗುವ ಹೊತ್ತಿಗೆ ಕುಕ್ಕರ್ ಕೂಗಿದ ಹಾಗೆ ಒಂದೇ ಸಲ ಹೊರಬರುತ್ತದೆ. ದಿನಾ ಸಂಜೆ ಫೋನಿನಲ್ಲಿ ಅದನ್ನು ಕೇಳುತ್ತೇನೆ. ಆದರೆ ಮುಖ ಕಾಣುವುದಿಲ್ಲ. ವಿಡಿಯೋ ಮಾಡೋಣ ಅಂದರೆ ನಮ್ಮ ಕೋಣೆಯ ನೆಟ್‌ವರ್ಕಿಗೆ ಅವಳ ಹಣೆ ದಾಟಿ ಕೆಳಗಿಳಿಯುವ ಶಕ್ತಿ ಇಲ್ಲ.

ಮನೆಯಲ್ಲಿರುವ ಫೋಟೋಗಳಲ್ಲೋ, ಅವಳು ಒಂದರಲ್ಲೂ ನಕ್ಕಿಲ್ಲ. ಮದುವೆಯಲ್ಲಿ ತಲೆ ತಗ್ಗಿಸಿದ್ದಾಳೆ. ಆಧಾರಿನಲ್ಲಿ ಯಾರದೋ ಮೇಲೆ ದೂರು ಕೊಡಲು ಬಂದವಳಂತಿದ್ದಾಳೆ. ಯಾಕೆ ಅಂತ ಕೇಳಿದರೆ, “ಫೋಟೋ ಅಂದ್ರೆ ದಾಖಲೆ ಕಣ್ರೀ. ದಾಖಲೇಲಿ ಯಾರಾದ್ರೂ ಹಲ್ಲು ಬಿಡ್ತಾರಾ?” ಅನ್ನುತ್ತಾಳೆ.

ಫೋನಿನಲ್ಲಿ ತೆಗೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಫೋನು ಸರ್ಕಾರಿ ಕೆಲಸಕ್ಕೆ ಮೀಸಲು. ಕುರಿಯ ಗೊರಸು, ಎಮ್ಮೆಯ ಕೆಚ್ಚಲು, ಹುಣ್ಣಾದ ನಾಲಗೆ, ಎಲ್ಲವನ್ನೂ ತೆಗೆದು ಮೇಲಿನವರಿಗೆ ಕಳಿಸಬೇಕು. ಒಮ್ಮೆ ಆತುರದಲ್ಲಿ ಕಾಲುಬಾಯಿ ರೋಗದ ಚಿತ್ರಗಳ ಜೊತೆ ನಮ್ಮನೆಯವಳ ಫೋಟೋವೂ ಹೋಗಿಬಿಟ್ಟಿತು. ಸಾಹೇಬರು ಉತ್ತರ ಕಳಿಸಿದರು: “ನಾಲ್ಕನೆಯ ಪ್ರಕರಣದ ಲಕ್ಷಣಗಳನ್ನು ವಿವರಿಸಿ.” ಅವತ್ತೇ ತೀರ್ಮಾನಿಸಿದೆ, ಅವಳಿಗೆಂದೇ ಒಂದು ಬೇರೆ ಕ್ಯಾಮೆರಾ ಕೊಳ್ಳಬೇಕು.

ಉಸಿರಾಡ್ತೈತೆ, ತಗಳ್ರಿ

ದುರ್ಗದ ಅಂಗಡಿಗೆ ಹೊರಟಿದ್ದೆ. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಆದಿವಾಲದ ಕುರಿಗಾರ ಸಿಕ್ಕ, ನಾನು ಹಿರಿಯೂರಿನಲ್ಲಿದ್ದಾಗಿನ ಪರಿಚಯ. ಟಗರು ಆರಿಸುವುದರಲ್ಲಿ ಆ ಕಡೆಗೆಲ್ಲ ಅವನದೇ ಮಾತು.

“ಎತ್ಲಾಗೆ ಡಾಕ್ಟ್ರೇ?”

“ಒಂದು ಕ್ಯಾಮೆರಾ ತಗೋಬೇಕಪ್ಪ. ನನಗೆ ಅದರದ್ದೇನೂ ಗೊತ್ತಿಲ್ಲ.”

“ಒಬ್ರೇ ಹೋಗಿ ವ್ಯಾಪಾರ ಮಾಡಬ್ಯಾಡ್ರಿ, ಮೋಸ ಮಾಡ್ತಾರೆ. ನಡೀರಿ, ಹೋಗಾಣ,” ಎಂದು ಟವಲ್ಲು ಹೆಗಲಿಗೆ ಹಾಕಿಕೊಂಡು ನನಗಿಂತ ಮುಂದೆ ಹೊರಟ.

ಅದು ಮಿಕ್ಸಿ, ಟಿವಿ, ಫೋನು ಮಾರುವ ಅಂಗಡಿ. ಮೂಲೆಯ ಗಾಜಿನ ಕಪಾಟಿನಲ್ಲಿ ನಾಲ್ಕೈದು ಕ್ಯಾಮೆರಾ ಧೂಳು ತಿನ್ನುತ್ತಿದ್ದವು. ಮಾಲೀಕರು ಮೆಗಾಪಿಕ್ಸೆಲ್ಲು, ಜೂಮು ಎಂದು ಶುರು ಮಾಡಿದರು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಕುರಿಗಾರ ಒಂದೊಂದನ್ನೇ ಎತ್ತಿ ತೂಕ ನೋಡಿದ, ಬೆನ್ನು ಒತ್ತಿದ, ಬೆಳಕಿಗೆ ಹಿಡಿದು ಲೆನ್ಸಿನೊಳಗೆ ಇಣುಕಿದ. ಟಗರಿನ ಬಾಯಿ ತೆರೆದು ಹಲ್ಲು ಎಣಿಸುವಾಗ ಅವನ ಮುಖ ಹೀಗೇ ಇರುತ್ತದೆ.

ಕೊನೆಗೆ ರೇಟಿನ ಮಾತು ಬಂತು. ಮಾಲೀಕರು ಬಾಯಿ ಬಿಡುವ ಮೊದಲೇ ಇವನು ಅವರ ಬಲಗೈಯನ್ನು ಹಿಡಿದು ಮೇಲೆ ಟವಲ್ಲು ಮುಚ್ಚಿಬಿಟ್ಟ. ಕುರಿಸಂತೆಯಲ್ಲಿ ಹಾಗೇ ತಾನೆ, ದರ ಏನೆಂದು ಸುತ್ತ ನಿಂತವರಿಗೆ ತಿಳಿಯಬಾರದು ಎಂದು ಟವಲ್ಲಿನಡಿ ಬೆರಳು ಹಿಡಿದೇ ವ್ಯಾಪಾರ ಕುದುರಿಸುತ್ತಾರೆ. ಅಂಗಡಿಯವರಿಗೆ ಅದೆಲ್ಲಿ ಗೊತ್ತು? ಗ್ರೈಂಡರ್ ನೋಡಲು ಬಂದ ಹೆಂಗಸರು ಗ್ರೈಂಡರ್ ಬಿಟ್ಟು ಇವರನ್ನೇ ನೋಡತೊಡಗಿದರು. ಟವಲ್ಲಿನಡಿ ಇವನು ಎರಡು ಬೆರಳು ಒತ್ತುತ್ತಾನೆ, ಮಾಲೀಕರು ಬೆವರುತ್ತಾರೆ, ಇವನು ಇನ್ನೊಂದು ಬೆರಳು ಒತ್ತುತ್ತಾನೆ.

“ಸರ್, ಬ್ಯಾಗೂ ಮೆಮೊರಿ ಕಾರ್ಡೂ ಫ್ರೀ ಕೊಡ್ತೀನಿ, ಇವರಿಗೆ ಕೈ ಬಿಡೋಕೆ ಹೇಳಿ,” ಅಂದರು.

ಕೈ ವಾಪಸ್ ಸಿಕ್ಕ ಮೇಲೆ ಅವರು ಸ್ವಿಚ್ಚು ಒತ್ತಿ ತೋರಿಸಿದರು. ಜುಯ್ ಎಂದು ಲೆನ್ಸು ಮುಂದೆ ಬಂತು, ಹಿಂದೆ ಹೋಯಿತು. ಕುರಿಗಾರ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಕಿವಿಯಲ್ಲಿ ಹೇಳಿದ: “ಡಾಕ್ಟ್ರೇ, ಉಸಿರಾಡ್ತೈತೆ. ಕಣ್ಣು ಮುಚ್ಕೊಂಡು ತಗಳ್ರಿ.”

ತಾನೇ ಹೊಡೆದುಕೊಳ್ಳುವ ಫೋಟೋ

ಆ ಕ್ಯಾಮೆರಾದಲ್ಲಿ ಒಂದು ವ್ಯವಸ್ಥೆ ಇತ್ತು. ಎದುರಿಗಿರುವವರು ನಕ್ಕರೆ ಸಾಕು, ನಾವು ಬಟನ್ ಒತ್ತಬೇಕಾಗಿಲ್ಲ, ಅದೇ ಫೋಟೋ ಹೊಡೆದುಕೊಳ್ಳುತ್ತದೆ. ಜೊತೆಗೆ ಕೊಟ್ಟ ಪುಸ್ತಕದಲ್ಲಿ ಇದನ್ನು ಓದಿದಾಗ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನನಗೋಸ್ಕರವೇ ಯಾರೋ ಕೂತು ಯೋಚಿಸಿ ಮಾಡಿದ್ದಾರೆ ಅನ್ನಿಸಿತು.

ಭಾನುವಾರ ಅದನ್ನು ಟೀಪಾಯಿಯ ಮೇಲಿಟ್ಟು ಅವಳನ್ನು ಎದುರಿಗೆ ಕೂರಿಸಿದೆ. ಅವಳು ಸೆರಗು ಸರಿ ಮಾಡಿಕೊಂಡು ಪರೀಕ್ಷಾ ಕೊಠಡಿಯ ಮೇಲ್ವಿಚಾರಕಿಯಂತೆ ಕುಳಿತಳು. ಕ್ಯಾಮೆರಾ ಅವಳನ್ನು ನೋಡಿತು, ಅವಳು ಕ್ಯಾಮೆರಾವನ್ನು ನೋಡಿದಳು. ನಾನು ಹಾಸ್ಯ ಹೇಳಿದೆ. ಕುಣಿದೆ ಕೂಡ.

“ಒಲೆ ಮೇಲೆ ಸಾರು ಐತೆ, ಬೇಗ ಮುಗಿಸ್ರಿ,” ಅಂದಳು.

ಅಷ್ಟರಲ್ಲಿ ಕ್ಲಿಕ್ ಎಂದಿತು! ಮತ್ತೆ ಕ್ಲಿಕ್, ಮತ್ತೆ ಕ್ಲಿಕ್. ನನಗೆ ಸಂತೋಷ ತಡೆಯಲಾಗಲಿಲ್ಲ. ಅವಳು ಒಳಗೊಳಗೇ ನಗುತ್ತಿರಬೇಕು, ನನ್ನ ಕಣ್ಣಿಗೆ ಕಾಣದ್ದು ಯಂತ್ರಕ್ಕೆ ಕಂಡಿದೆ ಎಂದುಕೊಂಡು ತೆರೆದು ನೋಡಿದೆ. ಅವಳ ತಲೆಯ ಹಿಂದೆ ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು, ಕಳೆದ ಚುನಾವಣೆಗೆ ನಿಂತವರೊಬ್ಬರು ಮನೆಮನೆಗೂ ಹಂಚಿದ್ದು. ಅದರಲ್ಲಿ ಅವರು ಮೂವತ್ತೆರಡು ಹಲ್ಲೂ ಬಿಟ್ಟು ಕೈಮುಗಿದು ನಿಂತಿದ್ದರು. ಇಪ್ಪತ್ತಾರು ಫೋಟೋ, ಇಪ್ಪತ್ತಾರರಲ್ಲೂ ಅವರೇ ಸ್ಪಷ್ಟ.

ಅವಳು ಬಂದು ಇಣುಕಿ ನೋಡಿದಳು. “ಮನೆಯೋಳ್ನ ಬಿಟ್ಟು, ಐದು ವರ್ಷಕ್ಕೊಂದ್ಸಲ ನಗೋರನ್ನ ಹಿಡಿದೈತಲ್ರೀ ನಿಮ್ ಕ್ಯಾಮೆರಾ,” ಎಂದು ಸಾರು ಇಳಿಸಲು ಹೋದಳು. ಅಡುಗೆಮನೆಯಲ್ಲಿ ಅವಳು ನಕ್ಕ ಸದ್ದು ಕೇಳಿಸಿತು.

ಬಾಗೂರಿನ ಅಜ್ಜಿ

ಕೈ ಪಳಗಲಿ ಎಂದು ಕ್ಯಾಮೆರಾವನ್ನು ಕೆಲಸಕ್ಕೂ ಒಯ್ಯತೊಡಗಿದೆ. ಬಾಗೂರಿನಲ್ಲಿ ಕುರಿಗಳಿಗೆ ಲಸಿಕೆ ಹಾಕುತ್ತಿದ್ದಾಗ ಒಬ್ಬ ಅಜ್ಜಿ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಮರಿ ಬಾಟಲಿ ಬಿಟ್ಟು ಅವಳ ಸೆರಗನ್ನು ಚೀಪುತ್ತಿತ್ತು, ಬೊಚ್ಚುಬಾಯಿ ಬಿಟ್ಟು ಅಜ್ಜಿ ನಗುತ್ತಿದ್ದಳು. ಇಂಥ ನಗು ಸಿಗುವುದು ಅಪರೂಪ.

“ಅಜ್ಜಿ, ಹಂಗೇ ಇರು, ಒಂದು ಫೋಟೋ ತಗೀತೀನಿ.”

“ಏ ತಡಿಯಪ್ಪ, ಹಿಂಗೇ ತಗಸ್ಕಂತಾರೇನು?” ಎಂದು ಒಳಗೆ ಹೋದವಳು ಮುಕ್ಕಾಲು ಗಂಟೆ ಬರಲಿಲ್ಲ. ಅಷ್ಟರಲ್ಲಿ ಇಡೀ ಹಟ್ಟಿಯ ಕುರಿಗೆ ಲಸಿಕೆ ಮುಗಿಯಿತು. ಬಂದಾಗ ಮುಖಕ್ಕೆ ಪೌಡರು, ಮೈಮೇಲೆ ನ್ಯಾಫ್ತಲೀನ್ ಗುಳಿಗೆಯ ವಾಸನೆಯ ಸೀರೆ. ತೊಡೆಯ ಮೇಲೆ ತೀರಿಹೋದ ಗಂಡನ ಫೋಟೋ, ಕಟ್ಟು ಹಾಕಿಸಿದ್ದು. ಕುರ್ಚಿಯಲ್ಲಿ ನೆಟ್ಟಗೆ ಕೂತು ಉಸಿರು ಬಿಗಿಹಿಡಿದಳು. ಫೋಟೋದೊಳಗಿನ ಅಜ್ಜನೂ ಪೇಟ ಸುತ್ತಿಕೊಂಡು ಉಸಿರು ಬಿಗಿಹಿಡಿದೇ ಇದ್ದ.

“ಸ್ವಲ್ಪ ನಗಜ್ಜಿ, ಆಗ್ಲೇ ನಗ್ತಿದ್ದೆಲ್ಲ ಹಂಗೆ.”

ಅಜ್ಜಿ ತೊಡೆಯ ಮೇಲಿನ ಅಜ್ಜನನ್ನೊಮ್ಮೆ ನೋಡಿದಳು. “ಇವ್ರು ಇಷ್ಟು ಬಿಗ್ಕಂಡು ಕುಂತಾರೆ, ನಾನೊಬ್ಳೇ ಹೆಂಗಪ್ಪ ನಗ್ಲಿ? ನೀನು ಮೊದ್ಲು ಇವ್ರನ್ನ ನಗ್ಸು.”

ಸುತ್ತ ನಿಂತವರೆಲ್ಲ ನಕ್ಕರು, ನಾನೂ ನಕ್ಕೆ. ಕೋಣೆಗೆ ವಾಪಸ್ ಬಂದು ಅನ್ನಕ್ಕಿಡುವಾಗ ಯಾಕೋ ಅಜ್ಜಿಯ ಮಾತೇ ನೆನಪಾಗಿ, ಹೊತ್ತಿಗಿಂತ ಮೊದಲೇ ದುರ್ಗಕ್ಕೆ ಫೋನು ಮಾಡಿದೆ. “ಏನಾಯ್ತು, ಹುಷಾರಿಲ್ವಾ?” ಎಂದಳು ಇವಳು. “ಏನಿಲ್ಲ, ನಗು,” ಅಂದೆ. “ಪೇಪರ್ ತಿದ್ದುತಾ ಇದೀನಿ, ಆಮೇಲೆ ನಗ್ತೀನಿ,” ಎಂದು ಇಟ್ಟುಬಿಟ್ಟಳು.

ಹೊಳಲ್ಕೆರೆಯ ಹನ್ನೊಂದು ಜನ

ಮುಂದಿನ ಭಾನುವಾರ ಅವಳನ್ನು ಕೋಟೆಗೆ ಕರೆದುಕೊಂಡು ಹೋದೆ. ಊರಿನಲ್ಲೇ ಇರುವುದರಿಂದ ನಾವು ಕೋಟೆ ನೋಡುವುದು ನೆಂಟರು ಬಂದಾಗ ಮಾತ್ರ. ಹತ್ತು ಸೆಕೆಂಡಿನ ಟೈಮರ್ ಇಟ್ಟು ಓಡಿಹೋಗಿ ಪಕ್ಕದಲ್ಲಿ ನಿಲ್ಲುವುದನ್ನು ಹೊಸದಾಗಿ ಕಲಿತಿದ್ದೆ. ಬಂಡೆಯ ಮೇಲೆ ಕ್ಯಾಮೆರಾ ಇಟ್ಟು, ಬಗ್ಗಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ.

ಕೋಟೆಯಲ್ಲಿ ಹಾಗೆ ಬಗ್ಗಿದವರನ್ನು ಜನ ಫೋಟೋ ತೆಗೆದು ಮಾರುವವರು ಅಂದುಕೊಳ್ಳುತ್ತಾರೆ. ಹೊಳಲ್ಕೆರೆಯಿಂದ ಬಂದಿದ್ದ ಒಂದು ಕುಟುಂಬ, ಮುದುಕರು ಮಕ್ಕಳು ಸೇರಿ ಹನ್ನೊಂದು ಜನ, ಬಂದವರೇ ನಮ್ಮನೆಯವಳ ಅಕ್ಕಪಕ್ಕ ಸಾಲಾಗಿ ನಿಂತುಬಿಟ್ಟರು. “ಎಲ್ರೂ ಬರ್ರಿ, ಈಯಮ್ಮಂದು ಆದ್ಮೇಲೆ ನಮ್ದಂತೆ. ಬ್ಯಾಡ, ಒಟ್ಟಿಗೇ ಆಗ್ಲಿ, ಕಾಪಿ ಕಮ್ಮಿ ಆಗ್ತಾವೆ!” ಎಂದು ಹಿರಿಯರು ಕೂಗಿದರು. ಹೆಂಗಸೊಬ್ಬಳು, “ಅಕ್ಕಾ, ಒಂಚೂರು ಹಿಡ್ಕ,” ಎಂದು ಕೈಗೂಸನ್ನು ಇವಳಿಗೆ ಕೊಟ್ಟು ತಲೆ ಬಾಚಿಕೊಳ್ಳತೊಡಗಿದಳು. ಕೂಸು ಇವಳ ಕನ್ನಡಕ ಕಿತ್ತು ಬಾಯಿಗಿಟ್ಟುಕೊಂಡಿತು.

ನಾನು ಗಾಬರಿಯಲ್ಲಿ ಬಟನ್ ಒತ್ತಿಬಿಟ್ಟಿದ್ದೆ. ಓಡಿದೆ. ನಿಲ್ಲಲು ಜಾಗವೇ ಇರಲಿಲ್ಲ. “ಏಯ್, ಫೋಟೋದೋನು ಯಾಕ್ರೀ ಮಧ್ಯ ಬರ್ತಾನೆ!” ಎಂದು ಹಿರಿಯರು ನನ್ನನ್ನು ಆಚೆ ತಳ್ಳಿದರು. ಆಗ ನೋಡಿದೆ, ಇವಳ ಭುಜ ಅಲುಗಾಡುತ್ತಿತ್ತು. ಕಣ್ಣು ಮುಚ್ಚಿಹೋಗಿತ್ತು.

ಕ್ಲಿಕ್.

ಅಪರಿಚಿತ ಹನ್ನೊಂದು ಜನರ ನಡುವೆ, ಕನ್ನಡಕವಿಲ್ಲದೆ, ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು ನನ್ನ ಹೆಂಡತಿ ನಗುತ್ತಿದ್ದಳು. ನನ್ನದು ಮೂಲೆಯಲ್ಲಿ ಒಂದು ಮೊಣಕೈ ಮಾತ್ರ ಇತ್ತು. ಆ ಫೋಟೋವನ್ನು ಆ ವಾರ ಎಷ್ಟು ಸಲ ತೆರೆದು ನೋಡಿದೆನೆಂದರೆ ಎರಡು ಸಲ ಬ್ಯಾಟರಿ ಮುಗಿಯಿತು. ಕಾಪಿ ಎಲ್ಲಿಗೆ ಕಳಿಸಲಿ ಎಂದು ಹಿರಿಯರನ್ನು ಅವತ್ತೇ ಕೇಳಿದ್ದೆ. “ಹೊಳಲ್ಕೆರೆ ಬಸ್ ಸ್ಟ್ಯಾಂಡಲ್ಲಿ ಯಾರ್ನ ಕೇಳಿದ್ರೂ ಹೇಳ್ತಾರೆ,” ಎಂದಿದ್ದರು. ಹೆಸರು ಹೇಳಲು ಮಾತ್ರ ಮರೆತಿದ್ದರು.

ಬೇರೆ ಚಾರ್ಜ್ ಇಲ್ಲ

ಹೊಸದುರ್ಗದಲ್ಲಿ ನನ್ನ ಕೋಣೆಯ ಕೆಳಗೇ ಒಂದು ಸ್ಟುಡಿಯೋ. ಕಾರ್ಡು ಕೊಟ್ಟು, “ಈ ಅಮ್ಮಾರನ್ನ ಮಾತ್ರ ಇಟ್ಕೊಂಡು ಉಳಿದೋರನ್ನ ತೆಗೆದು ದೊಡ್ಡದು ಮಾಡಿಕೊಡಿ,” ಎಂದು ಹೇಳಿ ಲಸಿಕೆಗೆ ಹೋದೆ. ಸಂಜೆ ಬಂದಾಗ ಸ್ಟುಡಿಯೋದವರು ಕಟ್ಟು ಹಾಕಿಸಿಯೇ ಇಟ್ಟಿದ್ದರು.

ಕಟ್ಟಿನೊಳಗೆ ಯಾರೋ ಹೆಂಗಸಿದ್ದರು. ಹಾಲುಬಿಳುಪಿನ ಮೈ, ಕೊರಳಲ್ಲಿ ನಾನು ಕೊಡಿಸದ ಎರಡೆಳೆ ಸರ. ಹಿಂದೆ ಕೋಟೆಯ ಬದಲು ಒಂದು ಸರೋವರ, ಅದರಲ್ಲಿ ಜೋಡಿ ಹಂಸ. ತುಟಿ ಗಟ್ಟಿಯಾಗಿ ಮುಚ್ಚಿತ್ತು.

“ಇದೇನ್ರೀ ಇದು?”

“ಬಾಯಿ ತೆರೆದಿತ್ತು ಸರ್, ಮುಚ್ಚಿದೀನಿ. ಕಣ್ಣು ಮುಚ್ಚಿತ್ತು, ತೆರೆದಿದೀನಿ. ಎಲ್ರಿಗೂ ಮಾಡಿಕೊಡ್ತೀವಿ, ಅದಕ್ಕೆ ಬೇರೆ ಚಾರ್ಜ್ ಇಲ್ಲ.”

“ನನಗೆ ಮೊದಲಿದ್ದದ್ದೇ ಬೇಕು.”

“ಅದರ ಮೇಲೇ ಸೇವ್ ಆಯ್ತಲ್ಲ ಸರ್. ಕಾರ್ಡಲ್ಲಿ ವೈರಸ್ ಬೇರೆ ಇತ್ತು, ಪೂರ್ತಿ ತೊಳೆದು ಕೊಟ್ಟಿದೀನಿ,” ಎಂದು ಖಾಲಿ ಕಾರ್ಡನ್ನು ಪುಟ್ಟ ಕವರಿನಲ್ಲಿ ಹಾಕಿ ಕೊಟ್ಟರು. ಜಗಳ ಆಡೋಣ ಎಂದರೆ ಅವರ ಮುಖದಲ್ಲಿ ಒಳ್ಳೆಯದು ಮಾಡಿದ ತೃಪ್ತಿ. ಮೇಲೆ ಕೋಣೆಗೆ ಹೋಗಿ ಮಂಚದ ಮೇಲೆ ಕುಳಿತೆ. ಅವತ್ತು ನಿಜವಾಗಿ ಅಳು ಬಂತು. ಐವತ್ತು ದಾಟಿದ ಗಂಡಸು, ಹೆಂಡತಿ ನಕ್ಕದ್ದು ಅಳಿಸಿಹೋಯಿತೆಂದು ಅತ್ತೆ ಅಂದರೆ ನೀವು ನಗುತ್ತೀರಿ, ನಗಿ.

ಶನಿವಾರ ಆ ಕಟ್ಟನ್ನು ಪೇಪರಿನಲ್ಲಿ ಸುತ್ತಿ ದುರ್ಗಕ್ಕೆ ಒಯ್ದೆ. ಇನ್ನು ಇದರ ಸಹವಾಸ ಬೇಡವೆಂದು ಕ್ಯಾಮೆರಾ ಬ್ಯಾಗನ್ನು ಬೀರುವಿಗೆ ತುರುಕಿ, ಕಟ್ಟನ್ನು ಅವಳ ಮುಂದಿಟ್ಟೆ. ಅವಳು ಪೇಪರು ಬಿಚ್ಚಿದಳು. ಕನ್ನಡಕ ಒರೆಸಿ ನೋಡಿದಳು.

“ಯಾರ್ರೀ ಈಯಮ್ಮ?”

“ನೀನೇ.”

ಅವಳು ಹಂಸ ನೋಡಿದಳು, ಸರ ನೋಡಿದಳು, ನನ್ನ ಮುಖ ನೋಡಿದಳು. ಭುಜ ಅಲುಗಾಡಲು ಶುರುವಾಯಿತು.

ನಾನು ಎದ್ದು ಒಳಗೆ ಓಡಿದೆ. ಬೀರು ತೆರೆದೆ. ಕ್ಯಾಮೆರಾ ಬ್ಯಾಗು ಸೀರೆಗಳ ಕೆಳಗೆ ಸಿಕ್ಕಿತು. ಹೊರಗೆ ಕುಕ್ಕರ್ ಕೂಗಿಬಿಟ್ಟಿತ್ತು. “ಅಯ್ಯೋ, ಹಂಸ! ಹಂಸ ಕಣ್ರೀ!” ಎಂದು ಅವಳು ಉಸಿರು ಸಿಗದೆ ನಗುತ್ತಿದ್ದಳು. ಬ್ಯಾಟರಿ ಹಾಕಿದೆ, ಉಲ್ಟಾ ಆಯಿತು, ತೆಗೆದು ಮತ್ತೆ ಹಾಕಿದೆ. ಆಮೇಲೆ ಕ್ಯಾಮೆರಾ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಬೀರುವಿನ ಬಾಗಿಲಿಗೆ ಒರಗಿ ಕೇಳುತ್ತಾ ನಿಂತೆ. ವಾರದಲ್ಲಿ ಐದು ದಿನ ಫೋನಿನಲ್ಲಿ ಬರುವ ನಗು ಪಕ್ಕದ ಕೋಣೆಯಿಂದಲೇ ಬರುತ್ತಿತ್ತು. ಎಷ್ಟು ಹೊತ್ತು ನಿಂತೆನೋ, ಅದು ನಿಂತುಹೋಗಿ ಮೂಗು ಒರೆಸಿಕೊಂಡ ಸದ್ದು ಬಂದಾಗಲೇ ನನಗೆ ಎಚ್ಚರವಾದದ್ದು.

ಓಡಿಬಂದು ನೋಡಿದರೆ ಅವಳು ಸೆರಗು ಸರಿ ಮಾಡಿಕೊಂಡು, ಕೈ ಜೋಡಿಸಿ, ನೆಟ್ಟಗೆ ಕುಳಿತಿದ್ದಳು.

“ಹೂಂ, ಹೊಡೀರಿ,” ಅಂದಳು. “ಒಳ್ಳೇ ಟೈಮಿಗೆ ಬಂದ್ರಿ. ಈಗ್ತಾನೆ ನಗು ನಿಂತೈತೆ.”