ಹಸಿರು ಬಟನ್

ಮುಕ್ತಾ ಒಂದನೇ ತರಗತಿಯಲ್ಲಿದ್ದಾಗ ಅವಳಪ್ಪ ಅವಧೂತ ಒಂದು ಮಾತು ಕೊಟ್ಟಿದ್ದ. "ಗ್ಯಾದರಿಂಗಿನ್ಯಾಗ ನೀ ಕುಣಿಯೂ ಮುಂದ ನಾ ಮೊದಲನೇ ಸಾಲಿನ್ಯಾಗ ಕುಂತಿರ್ತೀನಿ. ದೇವರಾಣಿ."

ಶಾಲೆಯ ವಾರ್ಷಿಕೋತ್ಸವಕ್ಕೆ ಪುಣೆಯಲ್ಲಿ ಗ್ಯಾದರಿಂಗ್ ಎನ್ನುವುದೇ ರೂಢಿ. ಮುಕ್ತಾ ಈಗ ಐದನೆಯದರಲ್ಲಿದ್ದಾಳೆ. ನಾಲ್ಕು ಗ್ಯಾದರಿಂಗ್ ಆಗಿಹೋದವು. ನಾಲ್ಕು ಸಲವೂ ಯಾವನೋ ಗಿರಾಕಿ ತನ್ನ ವೆಬ್‌ಸೈಟಿನ ಫೋಟೋ ಬದಲಿಸಲು ಬಾರದೆ ಫೋನ್ ಮಾಡಿದ್ದ. ವೆಬ್‌ಸೈಟ್ ಕಟ್ಟಿಕೊಡುವ ಅವಧೂತ ಬಾಣೇರಿನ ತನ್ನ ಆಫೀಸಿನ ಕುರ್ಚಿಗೆ ಅಂಟಿಕೊಂಡಿದ್ದ.

ಈ ವರ್ಷ ಹಾಗಾಗುವಂತಿರಲಿಲ್ಲ. ಕಂಪ್ಯೂಟರ್ ಗೊತ್ತಿಲ್ಲದವರೂ ತಾವೇ ಸೈಟ್ ನಡೆಸುವಂಥ ವ್ಯವಸ್ಥೆಯನ್ನು ಆತ ಕಟ್ಟಿದ್ದ. ಮೂರೇ ಬಟನ್. ಹಳದಿ ಒತ್ತಿ ಬರೆಯುವುದು, ನೀಲಿ ಒತ್ತಿ ನೋಡುವುದು, ಹಸಿರು ಒತ್ತಿ ಪ್ರಕಟಿಸುವುದು. ಹಸಿರು ಒತ್ತಿದರೆ ಸೂಚನೆ ಸೈಟಿನಲ್ಲಿ ಮೂಡುವುದಷ್ಟೇ ಅಲ್ಲ, ಶಾಲೆಯ ನಂಬರಿನಿಂದ ಎಲ್ಲ ಪಾಲಕರ ಮೊಬೈಲಿಗೂ ಹೋಗುತ್ತಿತ್ತು. "ಮನಿ ಮಿಕ್ಸರಿಗೂ ಇದಕ್ಕಿಂತ ಹೆಚ್ಚು ಬಟನ್ ಇರ್ತಾವ," ಎಂದು ಅವಧೂತ ಕಂಡಕಂಡವರಿಗೆ ಹೇಳುತ್ತಿದ್ದ.

ಮೊದಲು ಅದನ್ನು ಕೊಟ್ಟದ್ದು ಮುಕ್ತಾಳ ಶಾಲೆಗೇ. ಅಲ್ಲಿಯ ಗುಮಾಸ್ತ ಮಹದೇವಪ್ಪ ಮೂವತ್ತು ವರ್ಷ ಕಾಗದಗಳಿಗೆ ಮೊಹರಿನ ಶಿಕ್ಕಾ ಹೊಡೆದ ಕೈಯವರು. ಮೌಸನ್ನು ಎಣ್ಣೆಯಿಂದ ಈಗಷ್ಟೇ ತೆಗೆದ ವಡೆಯಂತೆ ಹಿಡಿಯುತ್ತಿದ್ದರು.

ಗುರುವಾರ ಸಂಜೆ ನಾಲ್ಕಕ್ಕೆ ಗ್ಯಾದರಿಂಗ್. ಬೆಳಿಗ್ಗೆ ಒಂಬತ್ತೂಕಾಲಿಗೇ ಫೋನ್ ಬಂತು.

"ಅವಧೂತ ಸರ, ಹಳದಿ ಒತ್ತಿ ಬರದೀನ್ರಿ. ಮುಂದ?"

"ನೀಲಿ ಒತ್ರಿ. ಹೆಂಗ ಕಾಣತದ ನೋಡ್ರಿ."

ಹತ್ತು ನಿಮಿಷಕ್ಕೆ ಮತ್ತೆ. "ನೋಡಿದ್ನಿರಿ. ಪ್ರಿಂಟ್ ತಗದು ಹೆಡ್‌ಮಿಸ್ಟ್ರೆಸ್ ಬಾಯಾರ ಸಹಿ ಮಾಡ್ಸೀನಿ, ಶಿಕ್ಕಾನೂ ಹೊಡದೀನಿ. ಈ ಕಾಗದ ಕಂಪ್ಯೂಟರಿನ್ಯಾಗ ಎಲ್ಲಿ ಹಾಕೂದ್ರಿ?"

"ಎಲ್ಲೂ ಹಾಕೂದಿಲ್ರಿ! ಫೈಲಿನ್ಯಾಗ ಇಡ್ರಿ."

"ಒಳಗ ಬಂದ ಕಾಗದಂತ ಆವಕ ನಂಬರ್ ಕೊಡ್ಲ್ಯಾ, ಹೊರಗ ಹ್ವಾದ ಕಾಗದಂತ ಜಾವಕ ನಂಬರ್ ಕೊಡ್ಲ್ಯಾ?"

ಪಕ್ಕದ ಕುರ್ಚಿಯ ಬೆಳಗಾವಿಯ ಮಂದಾರ ಚಹಾ ನೆತ್ತಿಗೇರುವಷ್ಟು ನಕ್ಕ. "ನಿನ್ನ ಮಿಕ್ಸರಿಗೆ ಚಟ್ನಿ ರುಬ್ಬೂದೂ ನೀನ ಹೇಳಿಕೊಡಬೇಕಾತಲ್ಲೋ!"

ಹತ್ತರ ಹೊತ್ತಿಗೆ ಏಳು ಫೋನ್. ಹತ್ತೂವರೆಗೆ ಶಿರೂರಿನ ಬೀಜದ ವ್ಯಾಪಾರಿಗಳು ಇದೇ ವ್ಯವಸ್ಥೆ ನೋಡಲು ಬಂದರು. ಅವರು ಒಪ್ಪಿದರೆ ಮಾತ್ರ ಮೂರು ಗಂಟೆಗೆ ಮನೆಗೆ ಬಿಡುತ್ತೇನೆಂದು ಸಾಹೇಬ ಚೇತನ ಮೊದಲೇ ಹೇಳಿದ್ದ. ಅವಧೂತ ಎದೆಯುಬ್ಬಿಸಿ ಮರಾಠಿಯಲ್ಲಿ, ಇದು ಎಷ್ಟು ಸರಳವೆಂದರೆ ನಮಗೆ ಯಾರೂ ಫೋನೇ ಮಾಡುವುದಿಲ್ಲ, ಎಂದ. ಫೋನ್ ರಿಂಗಾಯಿತು.

ವ್ಯಾಪಾರಿಗಳು ಮುಖ ಮುಖ ನೋಡಿಕೊಂಡರು. ಚೇತನನ ಕಣ್ಣು ಗೋಲಿಯಂತಾಯಿತು. ಅವಧೂತ ಹೊರಗೆ ಓಡಿದ.

"ಸರ, ಹಸಿರು ಒತ್ಲ್ಯಾ? ವಿಷಯ ಏನಂದ್ರ, ಇವತ್ತ ನಮ್ಮ..."

"ವಿಷಯ ಏನರೇ ಇರಲಿ ಮಾರಾಯರ! ನನಗ ಹೇಳಬ್ಯಾಡ್ರಿ. ಅದು ನಿಮ್ಮ ಸೈಟು, ನೀವ ಯಜಮಾನ್ರು. ಒತ್ತಿಬಿಡ್ರಿ. ಇನ್ನ ಮ್ಯಾಲೆ ಯಾರನ್ನೂ ಕೇಳಬ್ಯಾಡ್ರಿ!"

ಫೋನನ್ನು ಮಂದಾರನ ಕೈಗೆ ತುರುಕಿದ. "ಈ ಶಾಲಿ ನಂಬರಿನ ಬಾಯಿ ಮುಚ್ಚಸೋ."

ಮಂದಾರ ನಂಬರನ್ನು ಬ್ಲಾಕ್ ಮಾಡಿದ. ಕರೆಯೂ ಬಾರದು, ಮೆಸೇಜೂ ಬಾರದು.

ಆಮೇಲೆ ಎಲ್ಲ ಸುಸೂತ್ರ. ಶಿರೂರಿನವರು ಮೂರೇ ಬಟನ್ ಕಂಡು ಖುಷಿಯಾಗಿ ಒಪ್ಪಿದರು. ಚೇತನ ಬೆನ್ನು ತಟ್ಟಿದ. ಊಟದ ಡಬ್ಬಿ ಬಿಚ್ಚುತ್ತ ಅವಧೂತ, "ನೋಡಿದಿ? ಎರಡು ತಾಸಾತು, ಒಂದೂ ಫೋನಿಲ್ಲ. ಮಹದೇವಪ್ಪ ಕಲತ್ರು ಅಂದ್ರ ಪುಣೆದಾಗ ಕಲಿಯದವರು ಯಾರದಾರ?" ಎಂದ. ಆ ನಂಬರಿನ ಬಾಯಿ ಮುಚ್ಚಿಸಿದ್ದನ್ನು ಇಬ್ಬರೂ ಮರೆತಿದ್ದರು; ಮಂದಾರನೂ ಹೂಂಗುಟ್ಟಿದ.

ಮೂರೂವರೆಗೆ ಇಸ್ತ್ರಿ ಅಂಗಿ ತೊಟ್ಟು, ಮುಕ್ತಾಳ ಜಡೆಗೆಂದು ಮಲ್ಲಿಗೆ ದಂಡೆ ಹಿಡಿದು ಅವಧೂತ ಶಾಲೆ ಮುಟ್ಟಿದ. ಗೇಟಿನ ಹತ್ತಿರ ಒಂದು ಸ್ಕೂಟರೂ ಇರಲಿಲ್ಲ. 'ನಾನೇ ಮೊದಲು. ಮೊದಲನೇ ಸಾಲು ಪಕ್ಕಾ,' ಎಂದುಕೊಂಡು ಸಭಾಗೃಹಕ್ಕೆ ಕಾಲಿಟ್ಟ.

ಮೈಕಿನವನು ವೈರು ಸುತ್ತುತ್ತಿದ್ದ. ಕುರ್ಚಿಗಳು ಒಂದರ ಮೇಲೊಂದು ಏರಿದ್ದವು. ಮಹದೇವಪ್ಪ ಮದುಮಗನ ಕಳೆಯಲ್ಲಿ ಓಡಿಬಂದರು.

"ಎಲ್ಲಿದ್ರಿ ಸರ? ಸಂಜಿಗೆ ಕರೆಂಟ್ ಇರೂದಿಲ್ಲಂತ ಬೆಳಿಗ್ಗೆ ಗೊತ್ತಾತು. ಗ್ಯಾದರಿಂಗ್ ಹನ್ನೆರಡಕ್ಕ ತಂದ್ವಿ. ಅದನ್ನ ಹಾಕಾಕ ಆಗ ಫೋನ್ ಮಾಡಿದ್ನಿರಿ. ನೀವಂದಂಗ ಒಬ್ಬನ ಹಸಿರು ಒತ್ತಿದೆ. ಎಲ್ಲಾ ಪಾಲಕರೂ ಬಂದ್ರು, ಒಬ್ಬರೂ ತಪ್ಪಲಿಲ್ಲ!" ತಲೆ ಕೆರೆದುಕೊಂಡು, "ಅಂದ್ರ... ನಿಮ್ಮನ್ನ ಬಿಟ್ಟು," ಎಂದರು.

ರಂಗಮಂಚದ ಮೆಟ್ಟಿಲ ಮೇಲೆ ಹೆಂಡತಿ ಇಂದೂ ಕೂತಿದ್ದಳು. "ಮೆಸೇಜ್ ಬರೂ ಹಂಗ ಮಾಡಿದವರ ನೀವು. ನಿಮಗ ನಾ ಬ್ಯಾರೆ ಫೋನ್ ಮಾಡಿ ಹೇಳಬೇಕಿತ್ತೇನ್ರಿ?"

"ನಿಮಗ ಸತ್ಕಾರ ಇಟ್ಟಿದ್ವಿರಿ," ಎಂದರು ಮಹದೇವಪ್ಪ, ಫೋನ್ ತೆರೆದು. ಸೈಟಿನ ತಲೆಯ ಮೇಲೇ ಫೋಟೋ: ಖಾಲಿ ಕುರ್ಚಿ, ಅದಕ್ಕೆ ಹೊದಿಸಿದ ಶಾಲು, ಮೇಲೊಂದು ತೆಂಗಿನಕಾಯಿ. ಕೆಳಗೆ, 'ನಮ್ಮ ವೆಬ್‌ಸೈಟ್ ನಿರ್ಮಾಪಕರು.' "ಯಾರನ್ನೂ ಕೇಳದ ಹಾಕೀನ್ರಿ!"

"ಅದನ್ನ ಮೊದಲು ತಗೀರಿ ಮಹದೇವಪ್ಪನವರ."

"ತಗಿಯೂ ಬಟನ್ ನೀವು ಇಟ್ಟ ಇಲ್ಲಲ್ರಿ ಸರ."

ಕೆನ್ನೆಯ ಬಣ್ಣ ಇನ್ನೂ ಒರೆಸದ ಮುಕ್ತಾ ದಂಡೆ ಇಸಿದುಕೊಂಡು, ಬದಲಿಗೆ ತೆಂಗಿನಕಾಯಿಯನ್ನು ಅಪ್ಪನ ಕೈಗಿಟ್ಟಳು. "ನಿನ್ನ ಕುರ್ಚಿ ಮೊದಲನೇ ಸಾಲಿನ್ಯಾಗ ಇತ್ತಪ್ಪ."

ಅವಧೂತ ಕೊಟ್ಟ ಮಾತು ಐದನೆಯ ವರ್ಷವೂ ತಪ್ಪಿತು.